ಫ್ಲೆಕ್ಸಿನೊಳಗಿನ ಕಾಲು

ನಮ್ಮ ಹೊಲದ ಹಾಸುಬಂಡೆಯ ಮೇಲೆ ನನ್ನ ಅಜ್ಜನ ಕಾಲದಿಂದ ರಾಗಿ ಒಣಗಿದೆ, ಹುರುಳಿ ಒಣಗಿದೆ, ಹಪ್ಪಳ ಒಣಗಿದೆ. ಅದರ ಮೇಲೆ ಕಾರು ಬಂದು ನಿಂತದ್ದು ಮಾತ್ರ ಡೈರಿ ಎಲೆಕ್ಷನ್ನಿನ ವರ್ಷವೇ.

ಕಾರು ಅದನ್ನು ತಂದ ನಮ್ಮೂರ ನಟರಾಜುವಿನದಲ್ಲ, ಕುದೂರಿನಲ್ಲಿರುವ ಅವನ ಭಾವಮೈದನದು. ಕಪ್ಪು ಬಣ್ಣ, ಎಮ್ಮೆಯ ಮೈಗೆ ಎಣ್ಣೆ ತಿಕ್ಕಿದ ಹಾಗೆ ಮಿರಮಿರ ಅನ್ನುತ್ತಿತ್ತು. ಕೋಳಿ ಕೂಗುವ ಹೊತ್ತಿಗೆ ಅದನ್ನು ವಾಪಸ್ಸು ಮುಟ್ಟಿಸಬೇಕಿತ್ತು, ಭಾವಮೈದ ಅದರಲ್ಲೇ ಮದುವೆಗೆ ಹೋಗಬೇಕಿತ್ತು.

ನಟರಾಜು ಹಾಲಿನ ಡೈರಿಯ ಡೈರೆಕ್ಟರ್ ಆಗಬೇಕೆಂದು ನಿಂತು ಎರಡು ಸಲ ಸೋತಿದ್ದ. ಈ ಸಲವೂ ಸೋತರೆ ಊರಲ್ಲಿ ತಲೆ ಎತ್ತಿ ತಿರುಗುವ ಹಾಗಿಲ್ಲ ಎಂದು ಅವನೇ ಎಲ್ಲರ ಜಗುಲಿಯ ಮೇಲೂ ಕೂತು ಹೇಳಿಕೊಂಡು ಬಂದಿದ್ದರಿಂದ, ಆ ಮಾತು ನಿಜವೇ ಆಗಿಬಿಟ್ಟಿತ್ತು. ಎದುರಿಗೆ ನಿಂತವಳು ಮುನಿಯಮ್ಮ. ಅವಳು ತನ್ನ ಸೀಮೆಹಸುವಿನ ಕೊರಳು ತಬ್ಬಿಕೊಂಡು ಹಗಲಲ್ಲೇ ಫೋಟೋ ತೆಗೆಸಿ, ಕೋಡಿಹಳ್ಳಿ ರಸ್ತೆಯ ತಿರುವಿನಲ್ಲಿ ಫ್ಲೆಕ್ಸ್ ಕಟ್ಟಿಸಿದ್ದಳು. ಅದರಲ್ಲಿ ಮುನಿಯಮ್ಮನಿಗಿಂತ ಹಸುವೇ ಚೆನ್ನಾಗಿ ಬಂದಿತ್ತು. ಜನ ಹಸುವಿನ ಮುಖ ನೋಡಿ ವೋಟು ಒತ್ತಿಬಿಟ್ಟರೆ ಏನು ಗತಿ ಎಂದು ನಟರಾಜುವಿಗೆ ನಿದ್ದೆ ಇರಲಿಲ್ಲ.

"ಲಕ್ಷ್ಮಯ್ಯಣ್ಣ, ಒಂದು ರಾತ್ರಿ ನಿನ್ನ ಬಂಡೆ ಕೊಡಣ್ಣ. ಫೋಟೋ ತಗೀಬೇಕು," ಎಂದು ಬಂದ.

"ಕತ್ಲಲ್ಲಿ ಎಂಥಾ ಫೋಟೋನೋ?"

"ಕತ್ಲೇನೇ ಬೇಕು ಕಣಣ್ಣ. ಕಾರಿನ ಸುತ್ತ ಬೆಳಕು ಹರೀತದೆ. ದೇವ್ರ ಹಿಂದುಗಡೆ ಪ್ರಭಾವಳಿ ಇರ್ತದಲ್ಲ, ಹಂಗೆ."

"ದೇವ್ರು ಯಾರು, ಕಾರೋ ನೀನೋ?"

"ಏ, ತಮಾಸೆ ಮಾಡಬ್ಯಾಡ ಕಣಣ್ಣ," ಎಂದ. ಆದರೆ ಯಾರು ಎಂದು ಹೇಳಲಿಲ್ಲ.

ಫೋಟೋ ತೆಗೆಯುವವನು ಚನ್ನಪಟ್ಟಣದ ತನ್ವೀರ್. ಮೈತುಂಬ ಕಪ್ಪು ಬಟ್ಟೆ, ಕಪ್ಪು ಟೋಪಿ, ಕೈಯಲ್ಲಿ ಟ್ಯೂಬ್‌ಲೈಟಿನ ಹಾಗೆ ಉರಿಯುವ ಒಂದು ಕೋಲು. ಅವನ ತಂದೆ ಆಟದ ಸಾಮಾನು ಕಡೆಯುವವರಂತೆ. "ನಮ್ಮ ಅಬ್ಬಾ ಮರಕ್ಕೆ ಬಣ್ಣ ಹಚ್ತಿದ್ರು ತಾತ, ನಾನು ಕತ್ಲೆಗೆ ಹಚ್ತೀನಿ," ಎಂದು ನಕ್ಕ. ಕ್ಯಾಮೆರಾವನ್ನು ಮೂರು ಕಾಲಿನ ಮೇಲೆ ನಿಲ್ಲಿಸಿ ನಟರಾಜುವಿಗೆ ತಿಳಿಹೇಳಿದ: "ಅಣ್ಣಾ, ಇದು ಟಪ್ ಅಂತ ಹೊಡ್ದು ಮುಗಿಯೋ ಫೋಟೋ ಅಲ್ಲ. ಕ್ಯಾಮೆರಾ ಕಣ್ಣು ಬಿಟ್ಕೊಂಡು ಬಹಳ ಹೊತ್ತು ನೋಡ್ತಾನೇ ಇರುತ್ತೆ. ನಾನು ಈ ಕೋಲು ಹಿಡ್ಕೊಂಡು ಕಾರಿನ ಸುತ್ತ ಓಡಾಡ್ತೀನಿ. ನಾನು ಬರಲ್ಲ, ಬೆಳಕು ಮಾತ್ರ ಬರುತ್ತೆ. ಅಲ್ಲಾಡಿದ್ದು ಅಳ್ಸೋಗುತ್ತೆ, ಅಲ್ಲಾಡದೆ ನಿಂತಿದ್ದು ಉಳಿಯುತ್ತೆ. ನೀವು ಕಲ್ಲಿನ ಥರ ನಿಲ್ಬೇಕು."

"ಕಲ್ಲೇ ಅನ್ಕೋ," ಎಂದ ನಟರಾಜು. ಬಿಳೀ ಪಂಚೆ, ಬಿಳೀ ಶರಟು, ಹೊಸ ಬೂಟು ಹಾಕಿಕೊಂಡು ಡ್ರೈವರ್ ಬಾಗಿಲ ಪಕ್ಕ ನಿಂತ.

ಆಗಲೇ ದೂರದ ರಸ್ತೆಯಲ್ಲಿ ಒಂದು ಬೈಕು ಹೋಯಿತು. ನಟರಾಜು ಅದರ ಕಡೆ ತಿರುಗಿ ಕೈ ಮುಗಿದ. ಹಿಂದೆಯೇ ಹಾಲಿನ ಟೆಂಪೋ ಬಂತು, ಅದಕ್ಕೂ ಮುಗಿದ. ಫೋಟೋ ತೋರಿಸಿದಾಗ ಅಮ್ಮನವರ ಪಟದಲ್ಲಿರುವುದಕ್ಕಿಂತ ಹೆಚ್ಚು ಕೈಗಳು ಅವನಿಗಿದ್ದವು, ಮುಖ ಮಾತ್ರ ಇರಲಿಲ್ಲ.

"ಕಲ್ಲಿನ ಥರ ನಿಲ್ಲಿ ಅಂದ್ನಲ್ಲಣ್ಣಾ!"

"ವೋಟ್ರು ಇದ್ರೂ ಇರ್ಬೋದು ಕಣಪ್ಪ."

"ಈ ಕತ್ಲಲ್ಲಿ ಅವ್ರಿಗೆ ಕಾಣುತ್ತಾ?"

"ಕಾಣ್ದಿದ್ರೇನು? ಮುಗ್ದಿದ್ದು ನಂಗೆ ಗೊತ್ತಲ್ಲ."

ತನ್ವೀರ್ ತಲೆಯ ಮೇಲೆ ಕೈ ಇಟ್ಟುಕೊಂಡ. ಮತ್ತೆ ಎಲ್ಲ ಹೊಂದಿಸಬೇಕಿತ್ತು. ಕಾರಿನ ಮುಂದುಗಡೆಗೆ ಕ್ಯಾಮೆರಾದ ಕಣ್ಣು ಸರಿಯಾಗಿ ಕೂತಿದೆಯೇ ನೋಡಲು ನನ್ನನ್ನು ಕರೆದು ಬಾನೆಟ್ಟಿನ ಪಕ್ಕ ನಿಲ್ಲಿಸಿದ. ನಾನು ಕಂಬಳಿ ಹೊದ್ದು, ಕುಂಟುತ್ತಾ ಹೋಗಿ ದೊಣ್ಣೆ ಊರಿಕೊಂಡು ನಿಂತೆ. ಅವನ ಕೆಲಸ ಆಯಿತು. ನನಗೆ ಹೋಗು ಎನ್ನುವುದನ್ನು ಮರೆತ. ನನ್ನನ್ನು ಯಾರೂ ಹೋಗು ಎನ್ನದಿದ್ದರೆ ನಾನು ಹೋಗುವವನಲ್ಲ.

ಒಂದು ಮಾತು ಮಾತ್ರ ಹೇಳಿದೆ. ಕಾಡಂಚಿನ ನಮ್ಮ ಹೊಲಗಳಿಗೆ ರಾಗಿ ತೆನೆ ಕಟ್ಟುವ ಕಾಲಕ್ಕೆ ಆನೆ ಬರುತ್ತದೆ. ಹೊಲ ಕಾಯುವವರು ಒಬ್ಬರಿಗೊಬ್ಬರು ಕೂಗಿದರೆ ಕೇಳುವುದಿಲ್ಲ. ಅದಕ್ಕೇ ಬೆಳಕಿನಲ್ಲಿ ಮಾತಾಡುತ್ತೇವೆ. ಬ್ಯಾಟರಿಯನ್ನು ಮೇಲೆ ಕೆಳಗೆ ಆಡಿಸಿದರೆ ಆನೆ ಹೋಯಿತು ಎಂದು ಅರ್ಥ. ಗುಂಡಗೆ ಸುತ್ತಿಸಿದರೆ ಆನೆ ಬಂದಿದೆ, ಎಲ್ಲರೂ ಬನ್ನಿ ಎಂದು.

"ಬೆಳಕು ಸುತ್ತಬ್ಯಾಡ್ರಪ್ಪ. ಜನ ಬಂದ್ಬುಡ್ತಾರೆ," ಎಂದೆ.

"ಬರ್ಲಿ ಬುಡಣ್ಣ," ಎಂದ ನಟರಾಜು. "ಜನ ಬಂದ್ರೆ ಒಳ್ಳೇದೇ."

ತನ್ವೀರ್ ಕೋಲು ಹಿಡಿದು ಕಾರನ್ನು ಸುತ್ತತೊಡಗಿದ. ಬಾಗಿಲ ಮೇಲೆ ಸವರಿ, ಚಕ್ರದ ಹತ್ತಿರ ಬಾಗಿ, ನೆತ್ತಿಯ ಮೇಲೆ ಕೈ ಎತ್ತಿ, ಮತ್ತೊಂದು ಸುತ್ತು. ನೋಡುವುದಕ್ಕೆ ಚೆಂದವೇ ಇತ್ತು. ನಟರಾಜು ಉಸಿರು ಕಟ್ಟಿಕೊಂಡು ನಿಂತಿದ್ದ, ನಿಜವಾಗಿಯೂ ಕಲ್ಲೇ.

ಅಷ್ಟರಲ್ಲಿ ಊರ ಕಡೆಯಿಂದ ತಗಡು ಬಡಿಯುವ ಸದ್ದು ಎದ್ದಿತು. ಆಮೇಲೆ ಪಟಾಕಿ. ಕೆರೆ ಏರಿಯ ಮೇಲೆ ಪಂಜುಗಳೂ ಬ್ಯಾಟರಿಗಳೂ ಸಾಲುಸಾಲಾಗಿ ಓಡಿ ಬಂದವು. ಮುಂದುಗಡೆ ಡಬ್ಬ ಬಡಿಯುತ್ತಾ ಪಕ್ಕದ ಹೊಲದ ಕೆಂಪಯ್ಯ.

"ಎಲ್ಲಿ ಲಕ್ಷ್ಮಯ್ಯ? ಯಾವ ಕಡೆ ಹೋಯ್ತು? ಒಂಟಿಯೋ ಹಿಂಡೋ?"

ನಾನು ಅಲ್ಲಾಡಲಿಲ್ಲ, ಮಾತೂ ಆಡಲಿಲ್ಲ. ಆನೆ ಕಾಯುವವನು ಮೊದಲು ಕಲಿಯುವುದೇ ಅದು. ಗದ್ದಲ ಎದ್ದಾಗ ನಿಂತಲ್ಲೇ ನಿಲ್ಲಬೇಕು. ಜನ ಕಾರನ್ನು ಸುತ್ತಿದರು, ಕಾರಿನ ಹಿಂದೆ ಹುಡುಕಿದರು, ಒಬ್ಬ ಬಗ್ಗಿ ಕಾರಿನ ಕೆಳಗೂ ಬ್ಯಾಟರಿ ಬಿಟ್ಟ. ನಟರಾಜುವಿನ ಕಲ್ಲುತನ ಅಲ್ಲಿಗೆ ಮುಗಿಯಿತು. ಇಷ್ಟೊಂದು ವೋಟು ಒಟ್ಟಿಗೆ ಎದುರಿಗೆ ಬಂದದ್ದನ್ನು ಅವನು ಹಿಂದೆ ಕಂಡಿರಲಿಲ್ಲ. ಒಬ್ಬೊಬ್ಬರ ಹಿಂದೆಯೂ ಓಡಿ ಓಡಿ ಕೈ ಮುಗಿದ.

"ಉಂಡ ಕೈ ತೊಳೀದೆ ಓಡ್ಬಂದೋ ಕಣ್ಲಾ!" ಎಂದು ಕೆಂಪಯ್ಯ ಬೈದ.

"ಬಂದಿದ್ದು ಸಂತೋಷ ಕೆಂಪಣ್ಣ. ವೋಟು ಮಾತ್ರ ಮರೀಬ್ಯಾಡ."

"ಮೊದ್ಲು ಆನೆ ತೋರ್ಸ್ಲಾ, ಆಮೇಲೆ ವೋಟು!"

ಜನ ಬೈದುಕೊಂಡು ಹೋದ ಮೇಲೆ ತನ್ವೀರ್ ಕ್ಯಾಮೆರಾದ ಕಣ್ಣು ಮುಚ್ಚಿದ. ಫೋಟೋ ತೆರೆದು ನೋಡಿದ. ನಾವೂ ಬಗ್ಗಿ ನೋಡಿದೆವು. ಕರೀ ಕಾರು ಈಗ ತಾನೇ ನೀರಿಂದ ಎದ್ದ ಹಾಗೆ ಹೊಳೆಯುತ್ತಿತ್ತು. ಅದರ ಸುತ್ತ ಬೆಂಕಿಯ ಎಳೆಗಳು, ಒಂದರ ಮೇಲೊಂದು, ಉತ್ಸವದ ಪ್ರಭಾವಳಿಗೂ ಅಷ್ಟು ಕುಸುರಿ ಇರುವುದಿಲ್ಲ. ಬಂದ ಜನರಲ್ಲಿ ಒಬ್ಬನೂ ಕಾಣಲಿಲ್ಲ. ನಟರಾಜು ಇದ್ದ ಕಡೆ ಸೌದೆ ಒಲೆಯ ಹೊಗೆಯ ಹಾಗೆ ಒಂದಿಷ್ಟು ಬಿಳಿ. ಬಾನೆಟ್ಟಿನ ಪಕ್ಕ ಮಾತ್ರ ನಾನು: ಕಂಬಳಿಯ ಅಂಚು, ದೊಣ್ಣೆಯ ಗಂಟು, ಬರಿಗಾಲು, ಹಿಂದೊಮ್ಮೆ ಎತ್ತು ತುಳಿದು ಸೊಟ್ಟಗಾದ ಎಡಗಾಲಿನ ಹೆಬ್ಬೆರಳು, ಎಲ್ಲವೂ ಕಡೆದಿಟ್ಟ ಹಾಗೆ.

"ನಾನೆಲ್ಲಿ?" ಎಂದ ನಟರಾಜು.

"ನೀವು ಅಲ್ಲಾಡಿದ್ರಿ ಅಣ್ಣಾ."

"ಇನ್ನೊಂದು ತಗಿ ಮತ್ತೆ."

"ಕೋಲಿನ ಚಾರ್ಜು ಮುಗೀತು."

ಕಾರು ಹೊರಡಬೇಕಿತ್ತು, ಬೆಳಿಗ್ಗೆ ಕನಕಪುರದ ಫ್ಲೆಕ್ಸ್ ಅಂಗಡಿಗೆ ಫೋಟೋ ಕೊಡಬೇಕಿತ್ತು. ನಟರಾಜು ಬಂಡೆಯ ಮೇಲೆ ಕುಕ್ಕರಿಸಿದ. "ಮುಗೀತು ಕಣಣ್ಣ. ಹಸು ಮುಂದೆ ಸೋತೆ," ಎಂದು ನಿಜವಾಗಿಯೇ ಕಣ್ಣು ಒರೆಸಿಕೊಂಡ. ತನ್ವೀರನಿಗೆ ಪಾಪ ಅನ್ನಿಸಿರಬೇಕು. "ನಿಮ್ದು ಬೇರೆ ಫೋಟೋ ಇದ್ರೆ ಕೊಡಿ ಅಣ್ಣಾ. ತಾತನ ಮೈ ಮೇಲೆ ನಿಮ್ಮ ತಲೆ ಕೂರಿಸ್ಬೋದು," ಎಂದ.

ನಟರಾಜು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ತಲೆ ನಂದಾದ್ರೆ ಸಾಕು. ಕೆಳಗಿಂದು ಯಾರು ನೋಡ್ತಾರೆ? ಎಲ್ಲಾ ಕಾರು ನೋಡ್ತಾರೆ. ಅಣ್ಣ, ನಿನ್ನ ತಲೆ ತೆಗೆದ್ರೆ ಬೇಜಾರಿಲ್ವಾ?"

"ಇಷ್ಟು ದಿನ ಇಟ್ಕೊಂಡು ಏನು ಮಾಡ್ದೆ? ತಗಿ," ಎಂದೆ.

ಮುನಿಯಮ್ಮನ ಹಸುವಿನ ಎದುರಿಗೇ ಫ್ಲೆಕ್ಸ್ ಎದ್ದಿತು. ಅವನ ಮದುವೆ ಫೋಟೋದ ತಲೆ, ಕ್ರಾಪು ಬಾಚಿಕೊಂಡು ನಗುತ್ತಾ ನನ್ನ ಕಂಬಳಿಯ ಮೇಲೆ ಕೂತಿತ್ತು. ಹಾಲು ಹಾಕಿ ಬರುವವರು ಅಲ್ಲಿ ನಿಂತು ನೋಡಿದರು. ಕಾರನ್ನು ಯಾರೂ ನೋಡಲಿಲ್ಲ, ಕಾರು ಈಗ ಯಾರ ಹತ್ತಿರ ಇಲ್ಲ?

"ಬರಿಗಾಲಲ್ಲಿ ನಿಂತವ್ನೆ ನೋಡಮ್ಮಿ."

"ಅಷ್ಟು ದೊಡ್ಡ ಕಾರಿದ್ರೂ ಕಂಬಳಿ ಬುಟ್ಟಿಲ್ಲ."

"ಆನೆ ಕಾಯಕ್ಕೂ ಹೋಗ್ತಾನೆ ಕಣ್ರಪ್ಪ, ಕಣ್ಣಾರೆ ಕಂಡಿವ್ನಿ," ಎಂದು ಸಾಕ್ಷಿ ಹೇಳಿದವನು ಅದೇ ಕೆಂಪಯ್ಯ. ಅಂದು ಓಡಿ ಬಂದು ಬೈದದ್ದು ಅವನಿಗೆ ಮರೆತಿತ್ತು, ಕಂಡದ್ದು ಮಾತ್ರ ನೆನಪಿತ್ತು.

ನಟರಾಜು ಗೆದ್ದ. ಮುನಿಯಮ್ಮ ನಮ್ಮ ಜಗುಲಿಯ ಮೇಲೆ ಕೂತು, "ನನ್ನ ಹಸೂನೂ ಬರಿಗಾಲಲ್ಲೇ ನಿಂತಿತ್ತಲ್ಲ ಲಕ್ಷ್ಮಯ್ಯಣ್ಣ, ಅದನ್ಯಾರೂ ನೋಡ್ನಿಲ್ಲ," ಎಂದು ಎಲೆಯಡಿಕೆ ಉಗಿದು ಹೋದಳು.

ನನ್ನ ಹೆಂಡತಿ ಅಂಕಮ್ಮ ಒಂದು ದಿನ ಫ್ಲೆಕ್ಸಿನ ಮುಂದೆ ಬಹಳ ಹೊತ್ತು ನಿಂತು ಮನೆಗೆ ಬಂದಳು. "ಆ ಕಾಲು ನಿಂದು," ಎಂದಳು.

"ಯಾರಂದ್ರು?"

"ಚಳಿಗಾಲದಲ್ಲಿ ಹರಳೆಣ್ಣೆ ತಿಕ್ಕೋಳು ನಾನು. ನಂಗೆ ಇನ್ನೊಬ್ರು ಹೇಳ್ಬೇಕಾ? ಗೆದ್ದಿದ್ದು ನಿನ್ನ ಕಾಲು, ಹೋಗಿ ಕುರ್ಚಿ ಮೇಲೆ ಕೂತ್ಕೊ."

"ಕುರ್ಚಿ ಮೇಲೆ ಕೂರದು ಕಾಲಲ್ಲ ಕಣೆ."

ಈಗ ಭಾವಮೈದನ ಕಾರು ಬೇಕೆಂದಾಗ ಸಿಗುತ್ತದೆ, ಡೈರೆಕ್ಟರ್ ಅಲ್ಲವೇ. ಆದರೆ ನಟರಾಜು ಅದನ್ನು ಕೆರೆ ಏರಿಯ ಆಚೆಯೇ ನಿಲ್ಲಿಸಿ, ಬೂಟು ಬಿಚ್ಚಿ ಸೀಟಿನ ಕೆಳಗೆ ತಳ್ಳಿ, ಡೈರಿಗೆ ನಡೆದು ಬರುತ್ತಾನೆ. ಮುಳ್ಳು ಚುಚ್ಚಿದರೂ ನಗುತ್ತಾನೆ. ಮೀಟಿಂಗ್ ಇರುವ ದಿನ ನಮ್ಮ ಮನೆಗೆ ಬಂದು, "ಅಣ್ಣ, ಕಂಬಳಿ ಒಸಿ ಕೊಡು," ಎಂದು ಕೇಳುತ್ತಾನೆ. ಕೊಡುತ್ತೇನೆ. ಆ ರಾತ್ರಿ ನಾನು ಗೋಣಿಚೀಲ ಹೊದ್ದು ಹೊಲ ಕಾಯುತ್ತೇನೆ. ಈಚೆಗೆ ಬ್ಯಾಟರಿ ಸುತ್ತಿಸಿದರೆ ಕೆಂಪಯ್ಯ ಮೊದಲು ಫೋನು ಮಾಡುತ್ತಾನೆ: "ಆನೆಯೋ, ಫೋಟೋನೋ?"

ಮೊನ್ನೆ ಯಾರೋ ನಟರಾಜುವನ್ನು ಕೇಳಿದರಂತೆ, ಫ್ಲೆಕ್ಸಿನಲ್ಲಿ ಹೆಬ್ಬೆರಳು ಸೊಟ್ಟಗಿದೆಯಲ್ಲ ಎಂದು. "ಎತ್ತು ತುಳೀತು," ಎಂದನಂತೆ. ಅಂದಿನಿಂದ ಎಡಗಾಲು ಒಸಿ ಎಳೆದು ನಡೆಯುತ್ತಾನೆ. ಡೈರಿಯ ಮುಂದೆ ನಿಂತು ನೋಡಿದೆ. ನನಗಿಂತ ಚೆನ್ನಾಗಿಯೇ ಕುಂಟುತ್ತಾನೆ.