ಹೆಬ್ಬಾಗಿಲಿಗೆ ತೊಂಬತ್ತೆಂಟು

ಗುಡ್ಡದ ಮೇಲಿನ ಕಾರ್ಖಾನೆಯ ಹೆಬ್ಬಾಗಿಲಿನ ಮೇಲೆ ಬೋರ್ಡು: ‘ಕಾರುಗಳಿಗೆ ಮಾತ್ರ’. ಆ ಬೋರ್ಡಿನ ಧೂಳನ್ನು ಮೂವತ್ತಮೂರು ವರ್ಷ ಒರೆಸಿದವಳು ಎಲ್ಲರ ಚಿಕ್ಕಮ್ಮ. ಒಳಗೆ ಬರುತ್ತಿದ್ದದ್ದು ಮಾತ್ರ ಹಿಂದಿನ ಕಿಂಡಿಬಾಗಿಲಿನಿಂದ. ಇವತ್ತು ಅವಳ ಕೊನೆಯ ಪಾಳಿ. ಎರಡಕ್ಕೆ ಸೈರನ್ ಕೂಗಿದರೆ ಹೆಬ್ಬಾಗಿಲು ಮುಚ್ಚುತ್ತದೆ. ಅಷ್ಟರೊಳಗೆ ಅವಳನ್ನು ಕಾರಿನಲ್ಲಿ ಕೂರಿಸಿ ಅಲ್ಲಿಂದಲೇ ಒಳಗೆ ಕರೆದೊಯ್ಯುವೆನೆಂದು ಅವಳ ಅಕ್ಕನ ಮಗಳು, ಗುಡ್ಡದ ಬುಡದ ಶೆಡ್ಡಿನ ಮೆಕ್ಯಾನಿಕ್ಕು, ಹಟ ತೊಟ್ಟಿದ್ದಳು.

ಕಾರು ಕಾರ್ಖಾನೆಯ ಹಳೆಯ ಧಣಿಯದು. ಗುಜರಿಗೆ ಹೊರಟಿದ್ದನ್ನು ಕೇಳಿ ಪಡೆದು, ಎರಡು ವರ್ಷ ಊಟದ ಬಿಡುವಿನಲ್ಲಿ ಬಿಚ್ಚಿ ಜೋಡಿಸಿದ್ದಳು. ಆದರೆ ಮುಷ್ಕರದ ಕಾಲದಿಂದ ಇಲ್ಲಿನ ಕಾರ್ಮಿಕರದು ಒಂದೇ ರೂಢಿ: ಏನೇ ಬೇಕಾದರೂ ತಲೆಗೊಂದು ಪಾಲು. ನಲವತ್ತು ಮಂದಿ ತಮ್ಮ ಸ್ಕೂಟರುಗಳ ಪೆಟ್ರೋಲನ್ನು ಬಾಟಲಿಗೆ ಬಸಿದು ತಂದು, ಅವಳು ಕೈತೊಳೆದು ಬರುವಷ್ಟರಲ್ಲಿ ಟ್ಯಾಂಕಿಗೆ ಸುರಿದುಬಿಟ್ಟಿದ್ದರು.

"ಅಯ್ಯೋ, ಇದು ಬರೀ ತೊಂಬತ್ತೊಂದು ಆಕ್ಟೇನ್!"

"ಕಮ್ಮಿ ಆಯ್ತಾ? ಇನ್ನೆರಡು ಬಾಟ್ಲಿ ತರೋಣ ಬಿಡು."

ನಡೆದಷ್ಟು ನಡೆಯಲಿ ಎಂದು ಚಿಕ್ಕಮ್ಮನನ್ನು ಹಿಂದೆ ಕೂರಿಸಿಕೊಂಡು ಹೊರಟಳು. ಏರಿನ ಮೊದಲ ತಿರುವಿನಲ್ಲೇ ಇಂಜಿನ್ನು ಕಟಕಟ ಎಂದಿತು, ತಗಡಿನ ಡಬ್ಬಿಯಲ್ಲಿ ಗೋಲಿ ಕುಲುಕಿದ ಹಾಗೆ. ಅವಳು ಬ್ರೇಕು ಹಾಕಿದಳು. ಗಂಟೆ ಒಂದೂ ಹತ್ತು.

"ತುಳಿ, ತುಳಿ, ಹತ್ತುತ್ತೆ!" ಎಂದ ಪಕ್ಕದಲ್ಲಿದ್ದ ಡ್ರೈವರ್ ಮಾವ. ಧಣಿಗೆ ಇದೇ ಕಾರು ಓಡಿಸಿದವನು.

"ತುಳಿದ್ರೆ ಪಿಸ್ಟನ್ ತೂತು ಬೀಳುತ್ತೆ, ಮಾವ. ಈ ಇಂಜಿನ್ ಪೆಟ್ರೋಲು-ಗಾಳೀನ ಹತ್ತೂವರೆ ಪಟ್ಟು ಹಿಂಡುತ್ತೆ. ತೊಂಬತ್ತೊಂದು ಅಷ್ಟು ತಡ್ಕೊಳಲ್ಲ, ಕಿಡಿ ಬರೋಕ್ಮುಂಚೆ ತಾನೇ ಸಿಡಿಯುತ್ತೆ."

"ಹಂಗಾದ್ರೆ ರೇಸಿನೋರ ಮಾಲು ಹಾಕು, ನೂರಾ ಎರಡು! ಧಣಿ ಅದನ್ನೇ ಕುಡಿಸ್ತಿದ್ರು."

"ಧಣಿ ಜಂಬಕ್ಕೆ ಕುಡಿಸ್ತಿದ್ರು. ಆಕ್ಟೇನ್ ಅಂದ್ರೆ ಜೋರಲ್ಲ ಮಾವ, ತಾಳ್ಮೆ. ಎಷ್ಟು ಹಿಂಡ್ತಾರೋ ಅಷ್ಟಿದ್ರೆ ಸಾಕು. ಇದಕ್ಕೆ ತೊಂಬತ್ತೆಂಟು."

"ಮೂವತ್ಮೂರು ವರ್ಷ ಹಿಂಡಿಸ್ಕೊಂಡಿದೀನಿ," ಎಂದಳು ಹಿಂದಿನ ಸೀಟಿನಿಂದ ಚಿಕ್ಕಮ್ಮ. "ನಂದೆಷ್ಟು ನಂಬರ್ರೇ?"

"ನಿಂದು ಯಾವ ಬಂಕಲ್ಲೂ ಸಿಗಲ್ಲ ಚಿಕ್ಕಮ್ಮ!"

ಮೂವರಿಗೂ ನಗು ತಡೆಯಲಾಗಲಿಲ್ಲ. ಕಾರು ಹಿಮ್ಮುಖವಾಗಿ ಜಾರುತ್ತ ಬುಡದ ಬಂಕಿಗೆ ಇಳಿಯಿತು. ಚಿಕ್ಕಮ್ಮ ದಾರಿಯುದ್ದಕ್ಕೂ ಪಟ್ಟದರಾಣಿಯಂತೆ ಕೈಬೀಸಿದಳು.

ಬಂಕಿನ ಮುಂದೆ ನಲವತ್ತು ಸ್ಕೂಟರುಗಳನ್ನು ನಲವತ್ತು ಮಂದಿ ಏದುಸಿರು ಬಿಡುತ್ತ ತಳ್ಳಿಕೊಂಡು ಬರುತ್ತಿದ್ದರು. ಪ್ರೀತಿಯ ಭರದಲ್ಲಿ ಯಾರೂ ತಮಗೆಂದು ಒಂದು ಹನಿ ಉಳಿಸಿಕೊಂಡಿರಲಿಲ್ಲ! ಮೆಕ್ಯಾನಿಕ್ಕು ಟ್ಯಾಂಕಿನ ತಳದ ತಿರುಪು ಬಿಚ್ಚಿದಳು.

"ಕೊಟ್ಟಿದ್ದನ್ನ ವಾಪಸ್ ತಗೊಳ್ಳೋದಾ? ಮರ್ಯಾದೆ ಪ್ರಶ್ನೆ," ಎಂದು ಅವರು ಮುಖ ತಿರುಗಿಸಿದರು.

"ನಿಮ್ಮ ಮರ್ಯಾದೆಗೆ ಬೆಂಕಿ ಹಾಕ! ಹಿಡೀರೋ ಬಾಟ್ಲಿ!" ಚಿಕ್ಕಮ್ಮ ಗುಡುಗಿದಳು. "ಈ ಕಾರಿಗೆ ದಕ್ಕದೇ ಇರೋದು ನಿಮ್ಮ ಗಾಡಿಗೆ ದಕ್ಕುತ್ತೆ."

ಖಾಲಿಯಾದ ಟ್ಯಾಂಕಿಗೆ ತೊಂಬತ್ತೆಂಟು ಬಿತ್ತು. ಈ ಸಲ ಏರಿನಲ್ಲಿ ಒಂದು ಗೋಲಿಯೂ ಕುಲುಕಲಿಲ್ಲ. ಇಂಜಿನ್ನು ಜೇನುಗೂಡಿನಂತೆ ಗುನುಗಿತು. ಡ್ರೈವರ್ ಮಾವ ಕಿವಿಯ ಹಿಂದೆ ಕೈಯಿಟ್ಟು ಕೇಳಿ, "ಧಣಿ ಕಾಲದಲ್ಲೂ ಹಿಂಗೇ ಇತ್ತು ಬಿಡು," ಎಂದ. ಸೋತೆ ಎನ್ನಲು ಅವನಿಗೆ ಗೊತ್ತಿದ್ದ ದಾರಿ ಅದೊಂದೇ.

ಎರಡಕ್ಕೆ ಎರಡು ನಿಮಿಷ. ಕಾವಲುಗಾರ ಕಾರನ್ನು ನೋಡಿ ಸೆಲ್ಯೂಟಿಗೆ ಕೈಯೆತ್ತಿದ, ಒಳಗೆ ಚಿಕ್ಕಮ್ಮನನ್ನು ಕಂಡು ಅರ್ಧದಲ್ಲೇ ನಿಲ್ಲಿಸಿದ.

"ಎತ್ತಿದ ಕೈ ಪೂರ್ತಿ ಮಾಡಪ್ಪ, ನೋವು ಬಂದೀತು," ಎಂದಳು ಅವಳು. ಅವನು ಪೂರ್ತಿ ಮಾಡಿದ.

"ಸರಿ ಚಿಕ್ಕಮ್ಮ, ಕಾರು ಬರ್ಲಿ. ಹಿಂದಿರೋ ಸ್ಕೂಟರೆಲ್ಲ ಹೆಂಗೆ ಬಿಡ್ಲಿ?"

"ಅವುಗಳ ಹೊಟ್ಟೇಲಿರೋದು ಈ ಕಾರಿನ ಪೆಟ್ರೋಲು. ಕಾರಿನ ಬಾಲ ಅಂತ ಬರ್ಕೋ."

ಸೈರನ್ ಕೂಗಿತು. ಕಾವಲುಗಾರ ಹೆಬ್ಬಾಗಿಲಿಗೆ ಕೈ ಹಾಕಿದ. ಮುಚ್ಚುವುದಕ್ಕೆ ಜಾಗ ಎಲ್ಲಿದೆ? ಬಾಲ ಇನ್ನೂ ಒಳಗೆ ಬರುತ್ತಲೇ ಇತ್ತು.