ಮೊದಲ ತೂಕ

"ಆ ಬಾಗ್ಲು ಮುಟ್ಟಿದ್ರೆ ಕೈ ಮುರೀತೀನಿ," ಎಂದಳು ಕೊಂಡಮ್ಮ, ಹೊಸ್ತಿಲ ಮೇಲೆ ಕೂತಲ್ಲಿಂದ ಏಳದೆಯೇ.

ಆವಲಪ್ಪನಿಗೆ ಮೈಯೆಲ್ಲ ಉರಿಯಿತು. ಶಿಡ್ಲಘಟ್ಟದ ಬೀದಿಯಲ್ಲಿ ಸೌದೆ ಮಾರುವವಳು ತನಗೆ ಹೇಳುವುದೆ! ಅಂಗಡಿಯ ಹಳೇ ಬೀಗದ ಜೊತೆಗೆ ತನ್ನದೊಂದು ಜಡಿದುಬಿಡೋಣವೆಂದು ಕೋಳಿ ಕೂಗುವ ಹೊತ್ತಿಗೇ ಬಂದಿದ್ದ. ಇವಳು ಅದಕ್ಕೂ ಮೊದಲೇ ಬಂದು ಕೂತಿದ್ದಳು.

ಒಳಗೆ ಇದ್ದುದಾದರೂ ಏನು? ಸತ್ತ ಮುನಿನಾರಾಯಣಪ್ಪನ ರೇಷ್ಮೆ ವ್ಯಾಪಾರದಲ್ಲಿ ಉಳಿದ ಎಂಟು ತಾಮ್ರದ ಹಂಡೆ, ಒಂದು ತಕ್ಕಡಿ. ಬದುಕಿದ್ದಾಗ ಅವನಿಗೆ ಆವಲಪ್ಪ ಎರಡು ಸಾವಿರ ಸಾಲ ಕೊಟ್ಟಿದ್ದ. ಐವತ್ತೆಂಟನೇ ಇಸವಿಯಲ್ಲಿ ಅವನು ತೀರಿಕೊಂಡಾಗಲೇ ಎಲ್ಲ ಮಾರಿ ಹಂಚಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆಸ್ತಿ ನೋಡಿಕೊಳ್ಳಲು ಕೋರ್ಟು ನೇಮಿಸಿದ ಅವನ ಭಾವಮೈದ ರಾಮಾಂಜಿನಪ್ಪನಿಗೆ ಸಾವ್ಕಾರನಾಗುವ ಚಪಲ. ಒಂದು ವರ್ಷ ನೂಲು ತೆಗೆಸಿದ, ಮುಳುಗಿಸಿದ. ಆ ವರ್ಷವೆಲ್ಲ ಗೂಡು ಬೇಯಿಸಲು ಸೌದೆ ಸಾಲ ಕೊಟ್ಟವಳು ಕೊಂಡಮ್ಮ. ಈಗ ಹಂಡೆ ಹರಾಜು ಹಾಕಿದರೆ ಒಬ್ಬರ ಬಾಕಿ ತೀರೀತು, ಇಬ್ಬರದಲ್ಲ.

"ನಾನು ಸತ್ತೋನಿಗೆ ಕೊಟ್ಟಿದ್ದು ಕಣಮ್ಮ. ನೀನು ಕೊಟ್ಟಿದ್ದು ಆ ರಾಮಾಂಜಿನಪ್ಪನಿಗೆ. ಹೋಗಿ ಅವನ ಬಾಗ್ಲಾಗೆ ಕೂತ್ಕೋ."

"ಅವನ ಹತ್ರ ಏನೈತೆ, ಮಣ್ಣು! ಚಿಂತಾಮಣಿ ವಕೀಲ್ರನ್ನ ಕೇಳ್ಕೊಂಡು ಬಂದಿದೀನಿ. ಸತ್ತ ಮೇಲೂ ವ್ಯಾಪಾರ ನಡೀಲಿ ಅಂತ ಸತ್ತೋನಿಗೆ ಸಾಲ ಕೊಟ್ಟ ಹಳಬರು ಒಪ್ಪಿದ್ರೆ, ಆ ವ್ಯಾಪಾರಕ್ಕೆ ಕೊಟ್ಟೋರಿಗೆ ಮೊದಲು. ಒಪ್ದೆ ಇದ್ರೆ ನಿಮಗೆ ಮೊದಲು."

"ನಾನೆಲ್ಲಿ ಒಪ್ಪಿದೆ? ಎಲ್ಲೈತೆ ನನ್ನ ರುಜು? ತೋರ್ಸು!"

ಗಲಾಟೆ ಕೇಳಿ ಹಿಂದಿನ ಮನೆಯಿಂದ ಮುನಿನಾರಾಯಣಪ್ಪನ ಹೆಂಡತಿ ವರಲಕ್ಷ್ಮಮ್ಮ ಬಂದಳು. ಬೀಗ ತೆಗೆದು ಬಾಗಿಲು ತಳ್ಳಿದಳು. ಜಂತಿಗೆ ತಕ್ಕಡಿ ತೂಗುಬಿದ್ದಿತ್ತು.

"ಅದನ್ನ ಮುಟ್ಟಿ ಹೇಳಣ್ಣ, ಒಪ್ಪಿರ್ಲಿಲ್ಲ ಅಂತ. ಹೇಳಿದ್ರೆ ಕೋರ್ಟಿನಾಗೆ ನಾನೂ ಅದನ್ನೇ ಹೇಳ್ತೀನಿ. ಹಂಡೆಗಳು ನಿಂದೇ."

"ಅಕ್ಕಾ!" ಎಂದು ಕೊಂಡಮ್ಮ ದಡಬಡಿಸಿ ಎದ್ದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ. ಅದನ್ನು ಕಂಡು ಆವಲಪ್ಪನಿಗೆ ಖುಷಿಯಾಯಿತು.

ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಬೀದಿಯ ಪದ್ಧತಿಯಂತೆ, ಸೂತಕ ಕಳೆದು ಅಂಗಡಿ ತೆರೆಯುವ ದಿನ ಸತ್ತವನಿಗೆ ಹೆಚ್ಚು ಸಾಲ ಕೊಟ್ಟವನೇ ತಕ್ಕಡಿಗೆ ಅರಿಶಿನ ಹಚ್ಚಿ ಮೊದಲ ತೂಕ ತೂಗಬೇಕು; ಅಂಗಡಿ ನಡೆಯಲಿ, ನಾನು ಅಡ್ಡ ಬರುವುದಿಲ್ಲ ಎಂದು ಅದರರ್ಥ. ಅಂದು ಆವಲಪ್ಪ ಜರಿಪೇಟ ಸುತ್ತಿ ಬಂದು ಆ ತೂಕ ತೂಗಿದ್ದ. ಬೀದಿಯವರೆದುರು ದೊಡ್ಡಮನುಷ್ಯನಾಗುವುದು ಯಾರಿಗೆ ಬೇಡ? ಕೋರ್ಟಿನಲ್ಲಾದರೆ ಹತ್ತು ಸುಳ್ಳು ಹೇಳಿಯಾನು. ಆದರೆ ಅನ್ನ ಕೊಟ್ಟ ತಕ್ಕಡಿ ಮುಟ್ಟಿ?

ಆದದ್ದಾಗಲಿ ಎಂದು ಕೈ ಎತ್ತಿದ. ತಕ್ಕಡಿಯ ದಂಡಿಗೆಯ ಮೇಲೆ ಒಣಗಿದ ಅರಿಶಿನದಲ್ಲಿ ತನ್ನ ಮೂರು ಬೆರಳಿನ ಗುರುತು ಇನ್ನೂ ಹಾಗೇ ಇತ್ತು. ಎತ್ತಿದ ಕೈ ಅಲ್ಲೇ ನಿಂತಿತು.

"ಹಾಳಾಗ್ಹೋಗ್ರಿ ಇಬ್ರೂ!" ಎಂದು ಹೊರಗೆ ಬಂದ.

ವರಲಕ್ಷ್ಮಮ್ಮನೊಡನೆ ಹಿಂದೆಯೇ ಬಂದ ಕೊಂಡಮ್ಮ ಬಾಗಿಲೆಳೆದು ಕೈಚಾಚಿದಳು. "ಆ ಹೊಸ ಬೀಗ ಇಲ್ಲಿ ಕೊಡಿ. ಹರಾಜಿನ ತನಕ ಇರ್ಲಿ."

ಕೊಟ್ಟ. ಅವಳು ಅದನ್ನು ಚಿಲಕಕ್ಕೆ ಜಡಿದು, ಮತ್ತೆ ಕೈಚಾಚಿದಳು.

ಆವಲಪ್ಪ ಅಂಗಿ ಮೇಲೆತ್ತಿ, ಉಡಿದಾರಕ್ಕೆ ಕಟ್ಟಿಕೊಂಡಿದ್ದ ಬೀಗದಕೈ ಬಿಚ್ಚತೊಡಗಿದ. ಬೆಳಗ್ಗೆ ಹಾಕಿದ್ದ ಗಂಟು ಬಹಳ ಬಿಗಿಯಾಗಿತ್ತು.