ನನ್ನನ್ನು ಕುರಿ ತೊಗಲು ಅಂದರು

ನಾನು ಒಂದು ಜಿಂಕೆಯ ತೊಗಲು. ಹುಟ್ಟುವಾಗ ಬರೀ ತೊಗಲಾಗಿ ಹುಟ್ಟಲಿಲ್ಲ ನೋಡಿ, ಒಳಗೆ ಮಾಂಸ, ಮೂಳೆ, ಓಡುವ ಕಾಲು ಎಲ್ಲ ಇದ್ದವು. ಮಧುಗಿರಿ ಕಡೆಯ ಹುಲ್ಲುಗಾವಲಿನಲ್ಲಿ ಬೆನ್ನು ಕಪ್ಪು, ಹೊಟ್ಟೆ ಬಿಳುಪು ಇದ್ದ ಒಂದು ಗಂಡು ಕೃಷ್ಣಮೃಗದ ಮೈಮೇಲೆ ನಾನಿದ್ದೆ. ಆ ದಿನಗಳ ಬಗ್ಗೆ ಹೆಚ್ಚು ಹೇಳಲಾರೆ. ಗಾಳಿ ಬಡಿಯುತ್ತಿತ್ತು, ನೊಣ ಕೂತರೆ ನಾನೇ ಅದುರಿ ಓಡಿಸುತ್ತಿದ್ದೆ. ಅಷ್ಟು ನೆನಪಿದೆ.

ಒಂದು ಸಂಜೆ ಒಂದು ಜೀಪು ಬಂತು. ಒಳಗೆ ದೊಡ್ಡ ಹುದ್ದೆಯ ಸಾಹೇಬರೊಬ್ಬರಿದ್ದರು, ರಜೆಯ ಮೋಜಿಗೆ ಬಂದವರು. ಎಡ ಹೆಗಲ ಹತ್ತಿರ ಚುರ್ರೆಂದಿತು. ಆಮೇಲೆ ಮಾಂಸ ಅಡುಗೆಮನೆಗೆ ಹೋಯಿತು, ಕೊಂಬು ಗೋಡೆಗೆ ಹೋಯಿತು, ನಾನೊಬ್ಬನೇ ಉಳಿದೆ. ಉಪ್ಪು ತಿಕ್ಕಿ, ತಂಗಡಿ ಗಿಡದ ಚಕ್ಕೆ ಕುದಿಸಿದ ನೀರಿನಲ್ಲಿ ನೆನೆಹಾಕಿ, ನನ್ನನ್ನು ಹದ ಮಾಡಿದರು. ಮಗಳ ಜಾತಕ ಕೂಡಿಸಿಕೊಟ್ಟ ಅನಂತ ಜೋಯಿಸರಿಗೆ ಸಾಹೇಬರು ನನ್ನನ್ನು ಕಾಣಿಕೆ ಕೊಟ್ಟರು.

"ತಾನಾಗೇ ಸತ್ತಿದ್ದು ಜೋಯಿಸರೇ, ಸಂಶಯ ಬೇಡ," ಅಂದರು ಸಾಹೇಬರು. ಜಪಕ್ಕೆ ಕೂರುವ ಕೃಷ್ಣಾಜಿನ ಕೊಂದ ಮೃಗದ್ದಾಗಬಾರದು ಅನ್ನುವುದು ಜೋಯಿಸರ ಮನೆಯ ನಂಬಿಕೆ.

ಜೋಯಿಸರು ನನ್ನನ್ನು ಬಿಡಿಸಿ ನೋಡಿದರು. ಹೆಗಲಿದ್ದ ಜಾಗದಲ್ಲಿ ಬೆರಳು ತೂರುವಷ್ಟು ತೂತು. ಅವರ ಬೆರಳು ಆ ತೂತಿನಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ನನ್ನನ್ನು ಮಡಿಸಿ, "ಸಂತೋಷ" ಅಂದರು. ಅವರು ಕೆಟ್ಟವರೇನಲ್ಲ. ಇರುವೆ ಸಾಲು ಕಂಡರೆ ದಾಟಿಕೊಂಡು ಹೋಗುತ್ತಿದ್ದ ಜೀವ. ಆದರೆ ಅವತ್ತಿನಿಂದ ಜಪಕ್ಕೆ ಕೂರುವಾಗೆಲ್ಲ ಆ ತೂತಿನ ಕಡೆಯನ್ನು ಒಳಕ್ಕೆ ಮಡಚಿ, ಅದರ ಮೇಲೇ ಕೂರುತ್ತಿದ್ದರು. ಕಣ್ಣು ಮುಚ್ಚಿ ದೇವರನ್ನು ಕರೆಯುವವರ ತೊಡೆಯ ಕೆಳಗೆ ಅದು ದಿನವೂ ಬಾಯಿ ತೆರೆದುಕೊಂಡಿರುತ್ತಿತ್ತು.

ಊರಿನಲ್ಲಿ ಯಾರ ಮನೆಯಲ್ಲಿ ಮುಂಜಿಯಾದರೂ ಜೋಯಿಸರ ಮನೆಗೆ ಜನ ಬರುತ್ತಿದ್ದರು. ಮುಂಜಿಯಲ್ಲಿ ವಟುವಿನ ಜನಿವಾರಕ್ಕೆ ಕೃಷ್ಣಾಜಿನದ ಒಂದು ಚೂರು ಕಟ್ಟಬೇಕಲ್ಲ, ಅದಕ್ಕೆ. ಜೋಯಿಸರು ನನ್ನ ಅಂಚಿನಿಂದ ಬೆರಳಗಲದ ಒಂದು ಪಟ್ಟಿ ಕತ್ತರಿಸಿ, ಅರಿಶಿನ ಹಚ್ಚಿ ಕೊಡುತ್ತಿದ್ದರು. "ಶುದ್ಧವಾದದ್ದು ತಾನೇ?" ಅಂತ ಬಂದವರು ಕೇಳುವರು. "ತಾನಾಗೇ ಸತ್ತಿದ್ದು," ಅನ್ನುವರು ಜೋಯಿಸರು. ಮೊದಮೊದಲು ಆ ಮಾತು ತಡೆದು ತಡೆದು ಬರುತ್ತಿತ್ತು, ಆಮೇಲೆ ಸಲೀಸಾಯಿತು. ಹೀಗೆ ನನ್ನ ಬಲಗಡೆಯ ಅಂಚು ಇಲಿ ತಿಂದ ರೊಟ್ಟಿಯ ಹಾಗೆ ಆಗಿಹೋಯಿತು.

ಮುಂದೆ ಕಾಡುಪ್ರಾಣಿಗಳ ಕಾಯ್ದೆ ಬಂತು. ಚರ್ಮ, ಕೊಂಬು ಏನಿದ್ದರೂ ಅರಣ್ಯ ಇಲಾಖೆಯಲ್ಲಿ ಬರೆಸಿ ಅಂತ ಡಂಗುರ ಹೊಡೆಸಿದರು. "ನಾವೇನು ಬೇಟೆಗಾರರೇ? ಇದು ದೇವರ ಕೆಲಸದ್ದು," ಅಂದುಕೊಂಡು ಜೋಯಿಸರು ಸುಮ್ಮನಾದರು. ನಿಜ ಹೇಳಬೇಕೆಂದರೆ ಬರೆಸಲು ಹೋದರೆ ತೂತು ತೋರಿಸಬೇಕಾಗುತ್ತಿತ್ತು. ಅವರಿಗೆ ಅದೇ ಅಳುಕು.

ಜೋಯಿಸರು ತೀರಿಕೊಂಡ ಮೇಲೆ ನಾನು ಅವರ ಸೊಸೆ ವಾರಿಜಮ್ಮನ ಪಾಲಿಗೆ ಬಂದೆ. ವಾರಿಜಮ್ಮ ಮಿಡ್ಲ್ ಸ್ಕೂಲಿನಲ್ಲಿ ಮೇಡಂ. ಶಿಸ್ತು ಅಂದರೆ ಶಿಸ್ತು. ಚಾಕೊಲೇಟ್ ಕಾಗದ ನೆಲಕ್ಕೆ ಎಸೆದ ಹುಡುಗನಿಗೆ ಅದನ್ನು ಎತ್ತಿಸಿ, ಜೇಬಿಗೆ ಹಾಕಿಸಿ, ಕಸದ ಬುಟ್ಟಿಯವರೆಗೆ ನಡೆಸುವವರು. ಮನೆಯಲ್ಲೂ ಹಸಿ ಕಸ ಬೇರೆ, ಒಣ ಕಸ ಬೇರೆ. ಬೆಳಿಗ್ಗೆ ಕಸದ ಗಾಡಿ ತಳ್ಳಿಕೊಂಡು ಬರುತ್ತಿದ್ದ ಓಬಳಮ್ಮ ಬೀದಿಯ ಉಳಿದವರಿಗೆಲ್ಲ, "ಮೇಡಮ್ಮನ್ನ ನೋಡಿ ಕಲೀರಿ," ಅನ್ನುತ್ತಿದ್ದಳು. ಅವಳಿಗೆ ವಾರಿಜಮ್ಮ ದಿನಾ ಕಾಫಿ ಕೊಡುತ್ತಿದ್ದರು. ಕಾಂಪೌಂಡಿನ ಮೇಲೆ ಅದಕ್ಕೇ ಅಂತ ಒಂದು ಸ್ಟೀಲ್ ಲೋಟ ಇತ್ತು. ಸತ್ತ ಪ್ರಾಣಿಯ ತೊಗಲು ನಾನು ದೇವರ ಮನೆಯ ಗೂಡಿನಲ್ಲಿ ಮಡಿಪಂಚೆಯೊಳಗೆ ಸುಖವಾಗಿದ್ದೆ, ಓಬಳಮ್ಮ ಗೇಟಿನಾಚೆ ನಿಂತು ಕಾಫಿ ಕುಡಿಯುತ್ತಿದ್ದಳು. ಆಗ ಅದು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ, ನನಗೂ ಅನ್ನಿಸಿರಲಿಲ್ಲ.

ಒಂದು ಸಲ ವಾರಿಜಮ್ಮ ಸ್ಕೂಲಿನ ಮಕ್ಕಳನ್ನು ಕರೆದುಕೊಂಡು ಜಿಂಕೆ ನೋಡಲು ಹೋದರು. ನಾನು ಹುಟ್ಟಿದ ಹುಲ್ಲುಗಾವಲಿಗೇ. ಸಂಜೆ ಬಂದವರು ಕಾಲು ತೊಳೆದವರೇ ನನ್ನನ್ನು ಗೂಡಿನಿಂದ ಇಳಿಸಿ ನೆಲಕ್ಕೆ ಹಾಸಿದರು. ಗಂಡ ಮುರಳೀಧರ ಪೇಪರ್ ಓದುತ್ತಾ ಕೂತಿದ್ದರು.

"ಎಷ್ಟು ಎತ್ತರಕ್ಕೆ ಹಾರ್ತಾವೆ ಗೊತ್ತಾ ರೀ," ಅಂದರು ವಾರಿಜಮ್ಮ. "ಮಕ್ಕಳೆಲ್ಲ ಚಪ್ಪಾಳೆ ತಟ್ಟಿದ್ರು. ಅಲ್ಲಿನ ಗಾರ್ಡು, ಮನೇಲಿ ಇದರ ಚರ್ಮ ಇಟ್ಟುಕೊಂಡ್ರೆ ಜೈಲು ಅಂತ ಹೇಳ್ದ. ಮಕ್ಕಳು ನನ್ನ ಮುಖ ನೋಡಿದ್ರು. ನಾನು ಹೌದು ಹೌದು ಅಂತ ತಲೆ ಆಡಿಸ್ದೆ."

ಹೇಳುತ್ತಾ ನನ್ನ ಕೂದಲು ಸವರುತ್ತಿದ್ದವರ ಕೈ ತೂತಿಗೆ ಬಂದು ನಿಂತಿತು. ಮಾವನವರು ಬದುಕಿದ್ದಾಗ ಅವರು ನನ್ನನ್ನು ಮುಟ್ಟಿರಲಿಲ್ಲ, ಆಮೇಲೆ ಬಿಚ್ಚಿರಲಿಲ್ಲ. ಬಗ್ಗಿ ನೋಡಿದರು.

"ಇದು ತಾನಾಗಿ ಸತ್ತಿದ್ದಲ್ಲ ರೀ," ಅಂದರು.

ಮುರಳೀಧರ ಪೇಪರ್ ಮಡಿಸಿದರು. "ಈಗ ಒಪ್ಪಿಸೋಕೆ ಹೋದ್ರೆ ಇಷ್ಟು ವರ್ಷ ಎಲ್ಲಿತ್ತು ಅಂತ ಕೇಳ್ತಾರೆ. ನಿನ್ನ ಕೆಲಸಕ್ಕೇ ಕುತ್ತು. ಸುಟ್ಟರೆ ಕೂದಲು ಸುಟ್ಟ ವಾಸನೆ ಬೀದಿಗೆಲ್ಲ ಹೊಡೆಯತ್ತೆ. ಎಲ್ಲಾದ್ರೂ ಹಾಕಿ ಕೈ ತೊಳ್ಕೊ."

ಹಾಗೆ, ಕಸ ಎಸೆಯಬಾರದು ಅಂತ ಊರಿಗೆಲ್ಲ ಹೇಳುತ್ತಿದ್ದ ವಾರಿಜಮ್ಮ ನನ್ನನ್ನು ಎಸೆಯಲು ಹೊರಟರು. ಆದರೆ ಎಸೆಯುವ ಮುಂಚೆ ಕತ್ತರಿ ತಂದರು. ಮೊಮ್ಮಗನ ಮುಂಜಿ ವೈಶಾಖಕ್ಕೆ ಗೊತ್ತಾಗಿತ್ತು. ನನ್ನ ಬಲ ಅಂಚಿನಿಂದ, ಕಪ್ಪು ಮುಗಿದು ಬಿಳುಪು ಶುರುವಾಗುವ ಕಡೆಯಿಂದ ಒಂದು ಪಟ್ಟಿ ಕತ್ತರಿಸಿ, ಅರಿಶಿನ ಹಚ್ಚಿ, ಹಳೆಯ ಕುಂಕುಮದ ಭರಣಿಯಲ್ಲಿಟ್ಟರು. ಪಾಪದ ವಸ್ತು ಅಂತ ಎಸೆಯುವವರು ಪುಣ್ಯಕ್ಕೆ ಅಂತ ಒಂದು ಚೂರು ಉಳಿಸಿಕೊಂಡರು. ಇದಕ್ಕೆ ಏನನ್ನುವುದೋ ನೀವೇ ಹೇಳಿ. ಹೀಗೆ ನಾನು ಎರಡು ಕಡೆಯಾದೆ: ಒಂದು ಚೂರು ದೇವರ ಮನೆಯಲ್ಲಿ, ಉಳಿದದ್ದು ಸಿಮೆಂಟ್ ಚೀಲದಲ್ಲಿ. ಎರಡೂ ನಾನೇ, ಆದ್ದರಿಂದ ಮುಂದೆ ಎರಡು ಕಡೆ ನಡೆದದ್ದೂ ನನಗೆ ಗೊತ್ತು.

ಬೆಳಗಿನ ವಾಕಿಂಗಿಗೆ ಹೋದವರು ಎರಡು ಬೀದಿ ಆಚೆಯ ಮೋರಿಯ ಪಕ್ಕ ಚೀಲ ಹಾಕಿ, ಹಿಂತಿರುಗಿ ನೋಡದೆ ಬಂದರು. ಮೋರಿ ಗುಡಿಸಲು ಬಂದವಳು ಓಬಳಮ್ಮ. ಚೀಲ ಬಿಚ್ಚಿದಳು, ನನ್ನನ್ನು ಕೊಡವಿದಳು, ಕೆನ್ನೆಗೆ ಒತ್ತಿ ನೋಡಿಕೊಂಡಳು. ಗಾಡಿಯಲ್ಲಿ ಕಸದ ಜೊತೆ ಹಾಕದೆ ಹ್ಯಾಂಡಲ್ ಮೇಲೆ ಹಾಸಿಕೊಂಡು ನೇರವಾಗಿ ವಾರಿಜಮ್ಮನ ಗೇಟಿಗೆ ಬಂದಳು.

"ಮೇಡಮ್ಮ, ಮೋರಿ ಹತ್ರ ಬಿದ್ದಿತ್ತು, ಯಾರೋ ಎಸ್ದವ್ರೆ. ನಮ್ಮವ್ವ ಮಲಗಿದಲ್ಲೇ ಮಲಗಿ ಬೆನ್ನೆಲ್ಲ ಹುಣ್ಣಾಗೈತೆ. ಮೆತ್ತಗೈತಲ್ಲ, ಅವಳ ಕೆಳಕ್ಕೆ ಹಾಸಾಣ ಅಂತ. ಏನಾರ ತೊಂದ್ರೆ ಆಗೋ ವಸ್ತುನಾ ಇದು? ನೀವು ಓದಿರೋರು, ಅದಕ್ಕೆ ಕೇಳ್ತಿವ್ನಿ."

ವಾರಿಜಮ್ಮನ ಕೈಯಲ್ಲಿ ಕಾಫಿ ಇತ್ತು. ಅವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ.

"ಅದಾ... ಕುರಿ ತೊಗಲು ಇರಬೇಕು," ಅಂದರು.

"ಕುರಿ ಕೂದ್ಲು ಇಷ್ಟು ನುಣ್ಣಗಿರ್ತದಾ ಮೇಡಮ್ಮ?"

"ಬೇರೆ ಜಾತಿ ಕುರಿ ಇರತ್ತೆ. ಇಟ್ಕೊ, ಏನಾಗಲ್ಲ."

ನನಗೆ ಬಾಯಿ ಇದ್ದಿದ್ದರೆ ಆವತ್ತೇ ಹೇಳಿಬಿಡುತ್ತಿದ್ದೆ. ಬಾಯಿ ಇದ್ದವರು ಕಾಫಿಯನ್ನು ಕಾಂಪೌಂಡಿನ ಲೋಟಕ್ಕೆ ಬಗ್ಗಿಸಿ ಒಳಗೆ ಹೋದರು.

ಓಬಳಮ್ಮನ ತಾಯಿ ನನ್ನ ಮೇಲೆ ಮಲಗಿದಳು. ಒಣಗಿದ ಕಡ್ಡಿಯಂಥ ಮೈ. ಮೊದಲ ದಿನವೇ, "ಹಾಯಾಗೈತೆ ಕಣೇ," ಅಂದಳು. ಜೋಯಿಸರು ಅಷ್ಟು ವರ್ಷ ಕೂತಿದ್ದರೂ ಯಾರೂ ನನಗೆ ಆ ಮಾತು ಹೇಳಿರಲಿಲ್ಲ. ಸತ್ತ ಮೇಲೆ ನಾನು ಪಟ್ಟ ಸುಖ ಇದ್ದರೆ ಆ ಗುಡಿಸಲಿನಲ್ಲಿ ಪಟ್ಟದ್ದೇ. ಅದು ಹೆಚ್ಚು ದಿನ ಉಳಿಯಲಿಲ್ಲ. ಓಬಳಮ್ಮ ನನ್ನನ್ನು ಬಿಸಿಲಿಗೆ ಗೋಡೆಯ ಮೇಲೆ ಹಾಕಿದಳು, ರಸ್ತೆಯಲ್ಲಿ ಹೋಗುತ್ತಿದ್ದ ಯಾರೋ ನೋಡಿದರು, ಮರುದಿನ ಬೆಳಕು ಹರಿಯುವಾಗಲೇ ಅರಣ್ಯದವರು ಬಂದರು. ನನ್ನನ್ನೂ ಅವಳನ್ನೂ ಒಂದೇ ಜೀಪಿನಲ್ಲಿ ಕೂರಿಸಿದರು. ಜೀಪು ಅಂದರೆ ನನಗೆ ಮೊದಲಿನಿಂದ ಆಗಿಬರುವುದಿಲ್ಲ.

"ಯಾರು ಕೊಟ್ರು ಹೇಳಮ್ಮ," ಅಂತ ಆಫೀಸಿನಲ್ಲಿ ಅಧಿಕಾರಿ ಕೇಳಿದರು. ಗದರಲಿಲ್ಲ, ಆದರೆ ಬಿಡಲೂ ಇಲ್ಲ.

"ಕಸದಾಗೆ ಸಿಕ್ತು ಸ್ವಾಮಿ. ಕುರೀದು ಅಂದ್ಕಂಡೆ."

"ಕುರಿಗೂ ಜಿಂಕೆಗೂ ವ್ಯತ್ಯಾಸ ಗೊತ್ತಾಗಲ್ವಾ ನಿನಗೆ? ಕುರೀದು ಅಂತ ಯಾರಾದ್ರೂ ಹೇಳಿದ್ರಾ?"

ಓಬಳಮ್ಮ ತಲೆ ತಗ್ಗಿಸಿದಳು. "ಇಲ್ಲ ಸ್ವಾಮಿ, ನಾನೇ ಅಂದ್ಕಂಡೆ." ಅಧಿಕಾರಿ ಎದ್ದುಹೋದ ಮೇಲೆ ಪಕ್ಕದಲ್ಲಿದ್ದ ಮಹಿಳಾ ಗಾರ್ಡಿಗೆ ಮೆಲ್ಲಗೆ ಹೇಳಿದಳು: "ಒಬ್ರು ಹೇಳಿದ್ರು ಕಣವ್ವ. ಪಾಪ, ಅವ್ರಿಗೂ ಗೊತ್ತಿರಲಿಲ್ಲ. ಒಳ್ಳೇ ಹೆಂಗ್ಸು, ಅವ್ರ ಹೆಸ್ರು ಯಾಕೆ ಇದ್ರೊಳಕ್ಕೆ." ಮೇಜಿನ ಮೇಲೆ ಬಿದ್ದಿದ್ದ ನನಗೆ ನಾಚಿಕೆಯಾಯಿತು. ಯಾರ ಪರವಾಗಿ ನಾಚಿಕೆ ಅಂತ ಕೇಳಬೇಡಿ.

ಅದೇ ಬೆಳಿಗ್ಗೆ ವಾರಿಜಮ್ಮನ ಬೀದಿಗೆ ಗಾಡಿ ತಂದವನು ಬೇರೆಯವನು. "ಅದ್ಯಾವ್ದೋ ಜಿಂಕೆ ಚರ್ಮ ಸಿಕ್ತು ಅಂತ ಅರಣ್ಯದೋರು ಓಬಳಕ್ಕನ್ನ ಹಿಡ್ಕಂಡು ಹೋದ್ರು ಮೇಡಂ. ನಾಳೆ ಕೋರ್ಟಿಗಂತೆ. ಅವ್ರವ್ವನಿಗೆ ಗಂಜಿ ಹಾಕೋರೂ ಇಲ್ಲ," ಅಂದ. ಭರಣಿಯೊಳಗಿದ್ದ ನನಗೆ ಅಷ್ಟೂ ಕೇಳಿಸಿತು.

ವಾರಿಜಮ್ಮ ಆವತ್ತು ಸ್ಕೂಲಿಗೆ ಹೋಗಲಿಲ್ಲ. ಅನ್ನ ಕಲಸಿ, ಕಲಸಿದ್ದನ್ನು ಹಾಗೇ ಬಿಟ್ಟು ಎದ್ದರು.

"ನಮ್ಮ ಹೆಸರು ಎಲ್ಲೂ ಬಂದಿಲ್ಲ," ಅಂದರು ಮುರಳೀಧರ. "ಅವಳಿಗೆ ಒಳ್ಳೇ ಲಾಯರ್ ಇಟ್ಟುಕೊಡೋಣ. ನೀನು ಹೋಗಿ ಮೈಮೇಲೆ ಎಳ್ಕೊಂಡ್ರೆ ನಿನ್ನ ಪೆನ್ಷನ್ ಗತಿ ಏನು? ಎಸೆದಿದ್ದನ್ನ ಅವಳು ಯಾಕೆ ಎತ್ಕೊಂಡು ಹೋಗಬೇಕಿತ್ತು?"

"ಅವಳು ಕೇಳಿದ್ಲು ರೀ."

"ಏನಂತ?"

"ಗೇಟ್ ಹತ್ರ ಬಂದು, ಇದರಿಂದ ತೊಂದ್ರೆ ಆಗತ್ತಾ ಅಂತ ನನ್ನೇ ಕೇಳಿದ್ಲು. ನಾನು ಕುರಿ ತೊಗಲು ಅಂದೆ."

ಮುರಳೀಧರರಿಗೆ ಇದು ಗೊತ್ತಿರಲಿಲ್ಲ. ವಾರಿಜಮ್ಮ ದೇವರ ಮನೆಗೆ ಬಂದು ಭರಣಿ ಎತ್ತಿಕೊಂಡರು. ನಡೆಯುವಾಗ ಮುಚ್ಚಳ ಟಿಕಟಿಕ ಅನ್ನುತ್ತಿತ್ತು. ದಾರಿಯಲ್ಲಿ ಎರಡು ಸಲ ನಿಂತರು. ಎರಡನೆಯ ಸಲ ವಾಪಸ್ಸು ಹೋಗುತ್ತಾರೇನೋ ಅಂದುಕೊಂಡೆ. ಹೋಗಲಿಲ್ಲ.

ಆಫೀಸಿನಲ್ಲಿ ಅಧಿಕಾರಿ ಕುರ್ಚಿ ತೋರಿಸಿದರು. ವಾರಿಜಮ್ಮ ಕೂರಲಿಲ್ಲ. ಮೇಜಿನ ಮೇಲಿದ್ದ ನನ್ನನ್ನು ಬಿಡಿಸಿ, ಭರಣಿಯಿಂದ ಪಟ್ಟಿ ತೆಗೆದು ನನ್ನ ಬಲ ಅಂಚಿಗೆ ಇಟ್ಟರು. ಕಪ್ಪಿಗೆ ಕಪ್ಪು, ಬಿಳುಪಿಗೆ ಬಿಳುಪು ಸರಿಯಾಗಿ ಕೂತಿತು.

"ಇದು ನಮ್ಮ ಮನೇದು. ಎಸೆದವಳು ನಾನು. ಕುರಿ ತೊಗಲು ಅಂತ ಅವಳಿಗೆ ಸುಳ್ಳು ಹೇಳಿದವಳೂ ನಾನೇ."

ಅಧಿಕಾರಿ ತೂತಿಗೆ ಬೆರಳಿಟ್ಟರು. "ಇದು?"

"ಗುಂಡು," ಅಂದರು ವಾರಿಜಮ್ಮ. "ನಮ್ಮ ಮಾವನವರಿಗೂ ಗೊತ್ತಿತ್ತು ಅನ್ಸತ್ತೆ. ತಾನಾಗೇ ಸತ್ತಿದ್ದು ಅಂತ ಎಲ್ಲರಿಗೂ ಹೇಳ್ತಿದ್ರು."

ಗುಂಡು ಅನ್ನುವ ಮಾತನ್ನು ನನ್ನ ಎದುರಿಗೆ ಯಾರಾದರೂ ಆಡಿದ್ದು ಅದೇ ಮೊದಲು. ನನಗೆ ಅಳಲು ಕಣ್ಣಿಲ್ಲ.

ಬರೆದುಕೊಳ್ಳುವುದೆಲ್ಲ ಮುಗಿಯುವ ಹೊತ್ತಿಗೆ ಸಂಜೆಯಾಯಿತು. ಓಬಳಮ್ಮನಿಗೆ ಮನೆಗೆ ಹೋಗು ಅಂದರು. ಅವಳು ಬೆಂಚಿನಿಂದ ಎದ್ದು ವಾರಿಜಮ್ಮನ ಎದುರಿಗೆ ಬಂದು ನಿಂತಳು. ವಾರಿಜಮ್ಮ ಅವಳ ಕೈ ಹಿಡಿದುಕೊಂಡರು. ಹಿಡಿದದ್ದು ಅದೇ ಮೊದಲಿರಬೇಕು.

"ತಪ್ಪಾಯ್ತು ಓಬಳಮ್ಮ."

ಓಬಳಮ್ಮ ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ವಾರಿಜಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು.

"ನಾನು ಕೇಳಿದ್ನಲ್ಲ ಮೇಡಮ್ಮ," ಅಂದಳು ಅಷ್ಟೆ. ಮೆಲ್ಲಗೆ ಕೈ ಬಿಡಿಸಿಕೊಂಡು, ತಾಯಿಗೆ ಹೊತ್ತಾಯಿತು ಅಂತ ಬೇಗ ಬೇಗ ನಡೆದಳು. ವಾರಿಜಮ್ಮನನ್ನು ಒಳಗೆ ಕರೆದರು.

ಈಗ ನಾನು ಆ ಆಫೀಸಿನ ಸಾಮಾನು ಕೋಣೆಯಲ್ಲಿದ್ದೇನೆ. ಪಟ್ಟಿಯನ್ನು ನನಗೇ ಪಿನ್ನು ಹಾಕಿ ಸೇರಿಸಿದ್ದಾರೆ. ಪಕ್ಕದಲ್ಲಿ ಒಂದು ಮುರಿದ ಕೊಂಬು, ಒಂದು ಬಲೆ, ಧೂಳು. ಜಾಮೀನಿನ ಮೇಲಿರುವ ವಾರಿಜಮ್ಮ ವಾಯಿದೆಗೊಮ್ಮೆ ಕೋರ್ಟಿಗೆ ಬರುತ್ತಾರೆ, ಆವತ್ತು ನನ್ನನ್ನೂ ಒಯ್ಯುತ್ತಾರೆ. ಸ್ಕೂಲಿನಿಂದ ಅವರನ್ನು ದೂರ ಇಟ್ಟಿದ್ದಾರೆ. ಮೊಮ್ಮಗನ ಮುಂಜಿ ತೊಗಲಿಲ್ಲದೆಯೇ ಆಯಿತಂತೆ, ಮುಹೂರ್ತವೇನೂ ನಿಲ್ಲಲಿಲ್ಲವಂತೆ. ಕೇಸು ಮುಗಿದ ಮೇಲೆ ನನ್ನನ್ನು ಸುಡುತ್ತಾರೆ ಅಂತ ಮಾತು. ಸುಡಲಿ. ಎಷ್ಟು ಜನ ನನ್ನ ಮೇಲೆ ಕೂತು, ನನ್ನ ಚೂರು ಕಟ್ಟಿಕೊಂಡು ಶುದ್ಧರಾದರೋ, ನಾನು ಮಾತ್ರ ಆಗಲಿಲ್ಲ.

ಇಲ್ಲಿ ಬಿದ್ದಿರುವಾಗ ಹುಲ್ಲುಗಾವಲಾಗಲಿ ಗುಂಡಿನ ಸದ್ದಾಗಲಿ ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಬರುವುದು ಗೇಟಿನಾಚೆ ನನ್ನನ್ನು ಎರಡು ಕೈಯಲ್ಲಿ ಹಿಡಿದು ನಿಂತವಳ ದನಿ. ತೊಂದ್ರೆ ಆಗೋ ವಸ್ತುನಾ ಇದು? ಹೌದು ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು.